ಹಗಲಿಗೆ ಹಸಿರು, ದೀಪಕ್ಕೆ ಗುಲಾಬಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆಯನ್ನು. ಮನೆಯವರು "ಬನ್ನಿ, ಬನ್ನಿ" ಎಂದು ಬಾಗಿಲಲ್ಲಿ ನಿಂತಿರುತ್ತಾರೆ, ನಾನು ಅವರ ಭುಜದ ಮೇಲಿಂದ ಹಿಂದಿನ ಬಣ್ಣ ನೋಡುತ್ತಿರುತ್ತೇನೆ. ಆಮೇಲೆ ಕಿಟಕಿ ಯಾವ ಕಡೆ, ದೀಪ ಎಲ್ಲಿ ಎಂದು ವಿಚಾರಿಸಿಕೊಂಡು ನನಗೊಪ್ಪುವ ಕುರ್ಚಿ ಹುಡುಕಿ ಕೂರುತ್ತೇನೆ. ಈ ವಯಸ್ಸಿನಲ್ಲಿ ನಾನು ಯಾವ ಗೋಡೆಯ ಮುಂದೆ ಹೇಗೆ ಕಂಡರೆ ಯಾರಿಗೇನು? ಆದರೂ ಅಭ್ಯಾಸ ಬಿಡದು. ಮೊನ್ನೆ ಬೊರಿವಲಿಯಲ್ಲಿ ಹೊಸ ಮನೆ ಮಾಡಿದವರೊಬ್ಬರು "ಯಾಕೆ, ಬಣ್ಣ ಹಿಡಿಸಲಿಲ್ಲವಾ?" ಎಂದು ಗಾಬರಿಯಾದರು. ಪಾಪ, ಅವರದೇನೂ ತಪ್ಪಿಲ್ಲ. ತಪ್ಪು ಐವತ್ತರ ದಶಕದ ಮಾಟುಂಗದ ಒಂದು ಕೋಣೆಯದು. ಹೇಳುತ್ತೇನೆ. ಸ್ವಲ್ಪ ಸುತ್ತುಬಳಸಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮಾಟುಂಗದ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ನಮಗಿದ್ದದ್ದು ಒಂದು ಅಡುಗೆಮನೆ, ಒಂದು ಒಳಕೋಣೆ, ಒಂದು ಹೊರಕೋಣೆ. ಹೊರಕೋಣೆಯೇ ಹಾಲ್. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದು ಕರೆಯುವ ರೂಢಿ. ಅಣ್ಣ ಮೈಸೂರು ಕಡೆಯಿಂದ ಬಂದು ಫೋರ್ಟ್ ಕಡೆಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಗೋಡೆಗಳಿಗೆ ವರ್ಷ ಬಿಟ್ಟು ವರ್ಷ ಸುಣ್ಣ. ಬಟ್ಟೆಗೆ ನೀಲಿ ಹಾಕಿದರೆ ಬೆಳ್ಳಗಾಗುತ್ತದಲ್ಲ, ಹಾಗೆಯೇ ಸುಣ್ಣಕ್ಕೂ ಹಾಕಬೇಕೆಂಬುದು ಅಮ್ಮನ ಸಿದ್ಧಾಂತ. ಹಾಕುವಾಗ ಕೈ ಸ್ವಲ್ಪ ಧಾರಾಳ. ಹೀಗಾಗಿ ನಾನು ಬೆಳೆದದ್ದು ತಿಳಿನೀಲಿ ಮನೆಯಲ್ಲಿ. ಚಿಕ್ಕವಳಿದ್ದಾಗ ನನಗೆ ಆ ಗೋಡೆ ಕೆರೆದು ತಿನ್ನುವ ಚಟವಿತ್ತು. ಒಳಕೋಣೆಯಲ್ಲಿ ನಾನು ಮಲಗುವ ಚಾಪೆಯ ಪಕ್ಕ, ಕೈಗೆಟಕುವಷ್ಟು ಎತ್ತರದವರೆಗೆ ಗೋಡೆ ಬೋಳಾಗಿತ್ತು. "ಮನೇನೇ ತಿಂದುಹಾಕ್ತಾಳೆ ಇವಳು" ಎಂದು ಅಮ್ಮ ಬೆರಳಿಗೆ ಬೇವಿನೆಣ್ಣೆ ಸವರುತ್ತಿದ್ದಳು. ಬೇವಿನೆಣ್ಣೆಯ ಜೊತೆ ಸುಣ್ಣ ಇನ್ನೂ ಚೆನ್ನಾಗಿರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ.

ಇಷ್ಟು ಸುಣ್ಣ ತಿಂದರೂ ನಾನು ಬೆಳ್ಳಗಾಗಲಿಲ್ಲ. ನನ್ನ ಬಣ್ಣದ ಬಗ್ಗೆ ನಮ್ಮವರಲ್ಲಿ ಯಾರೂ ಕಪ್ಪು ಎಂಬ ಮಾತು ಬಳಸುತ್ತಿರಲಿಲ್ಲ. ಅತ್ತೆಯಂದಿರು "ಎಣ್ಣೆಗೆಂಪು" ಎಂದರು. ಚಿಕ್ಕಮ್ಮ "ಗೋಧಿ ಬಣ್ಣ" ಎಂದಳು. ಯಾವ ಗೋಧಿ ಎಂದು ನಾನು ಕೇಳಲಿಲ್ಲ. ಇನ್ನು ಕೆಲವರು "ಹುಡುಗಿ ಲಕ್ಷಣವಾಗಿದ್ದಾಳೆ" ಎನ್ನುತ್ತಿದ್ದರು. ಲಕ್ಷಣವಾಗಿದ್ದಾಳೆ ಎಂದರೆ ಏನೆಂದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಬೆಳ್ಳಗಿರುವವರನ್ನು ಯಾರೂ ಲಕ್ಷಣವಾಗಿದ್ದಾಳೆ ಎನ್ನುವುದಿಲ್ಲ, ಬೆಳ್ಳಗಿದ್ದಾಳೆ ಎಂದೇ ಹೇಳಿ ಮುಗಿಸುತ್ತಾರೆ.

ನನಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ ಮೂರು ಕಡೆಯವರು ಬಂದು ನೋಡಿ ಹೋಗಿದ್ದರು. ಮೊದಲನೆಯವರು ಜಾತಕ ಕೂಡಲಿಲ್ಲ ಎಂದು ಕಾಗದ ಬರೆದರು. ಕೂಡಿದ ಮೇಲೆಯೇ ಅವರು ಬಂದದ್ದು! ಎರಡನೆಯವರು "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಹೋದವರು ಇಂದಿಗೂ ಬರೆದಿಲ್ಲ. ಮೂರನೆಯವರು ಮೆಟ್ಟಿಲಿಳಿಯುತ್ತಾ, ನಾವು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ, "ಬಣ್ಣ ಸ್ವಲ್ಪ ಕಮ್ಮಿಯಾಯ್ತು" ಎಂದರು. ಸಾಂಬಾರಿಗೆ ಉಪ್ಪು ಕಮ್ಮಿಯಾಯಿತು ಎನ್ನುವ ಧ್ವನಿಯಲ್ಲಿ. ಅಣ್ಣ ಬಾಗಿಲಲ್ಲಿ ಕೈಮುಗಿದುಕೊಂಡೇ ನಿಂತಿದ್ದರು. ನಾನು ಪಕ್ಕದ ಶಾಲೆಯಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನ್ನನ್ನು ಹಗಲೆಲ್ಲ "ಟೀಚರ್, ಟೀಚರ್" ಎಂದು ಸುತ್ತುವ ನಲವತ್ತು ಮಕ್ಕಳಿದ್ದಾಗ, ಭಾನುವಾರ ತಲೆ ತಗ್ಗಿಸಿ ಯಾರದೋ ಮುಂದೆ ಕೂರುವುದು ನನಗೆ ನಿಜವಾಗಿಯೂ ಅವಮಾನವೆನಿಸಿತು. ಆ ದಿನವೇ ಅಮ್ಮನಿಗೆ ಹೇಳಿದೆ: "ಇನ್ನೊಂದು ಸಲ ಕೂತ್ಕೋತೀನಿ. ಅದೇ ಕಡೇದು. ಆಮೇಲೆ ನೀವು ಸಾಕ್ಷಾತ್ ಮನ್ಮಥನ್ನೇ ಕರ್ಕೊಂಡು ಬಂದ್ರೂ ನಾನು ಹೊರಗೆ ಬರೋಲ್ಲ." ಅಮ್ಮನಿಗೆ ನನ್ನ ಹಟ ಗೊತ್ತಿತ್ತು. ಬೇವಿನೆಣ್ಣೆ ಸವರಿ ಸೋತವಳಲ್ಲವೇ?

ನಾಲ್ಕನೆಯ ಸಂಬಂಧ ಬಂದದ್ದು ಗೋರೆಗಾಂವ್‌ನಿಂದ. ಅವರೂ ನಮ್ಮ ಕಡೆಯವರೇ, ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ಇದು ಕಡೆಯ ಅವಕಾಶವೆಂದು ಅಮ್ಮ ಅಳುತ್ತಾ ಪಕ್ಕದ ಮನೆಯ ಕಮಲಕ್ಕನ ಹತ್ತಿರ ಹೇಳಿಕೊಂಡಳು. ಕಮಲಕ್ಕ ಉಡುಪಿಯವರು, ಅವರ ಯಜಮಾನರದು ಸ್ಟೇಷನ್ ಹತ್ತಿರ ಹೋಟೆಲು. ಅವರು ನಮ್ಮ ಹೊರಕೋಣೆಯ ನಡುವೆ ನಿಂತು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಎಂತದು ಮಾರಾಯ್ರೆ, ಹುಡುಗಿ ಕಪ್ಪಲ್ಲ. ನಿಮ್ಮ ಗೋಡೆ ಸರಿ ಇಲ್ಲ," ಎಂದರು. "ನಮ್ಮ ಹೋಟ್ಲಿನ ಫ್ಯಾಮಿಲಿ ರೂಮಿಗೆ ಹೀಗೇ ನೀಲಿ ಹೊಡ್ಸಿದ್ರು ಇವ್ರು. ಸಾಂಬಾರು ಕಪ್ಪುಂಟು, ನಿನ್ನೆದಾ ಅಂತ ಗಿರಾಕಿಗಳು ಬೈಲಿಕ್ಕೆ ಶುರು. ಮತ್ತೆ ಗುಲಾಬಿ ಹೊಡ್ಸಿದ್ದು. ಸಾಂಬಾರು ಅದೇ, ಮಾಡುವವನೂ ಅವನೇ. ಈಗ ಎರಡೆರಡು ಸಲ ಹಾಕಿಸಿಕೊಳ್ತಾರೆ."

ನನ್ನನ್ನು ಸಾಂಬಾರಿಗೆ ಹೋಲಿಸಿದ್ದಕ್ಕೆ ಸಿಟ್ಟು ಬಂದರೂ, ತಪ್ಪು ಗೋಡೆಯದು ಎಂದು ಹೇಳಿದ ಮೊದಲ ಮನುಷ್ಯರು ಅವರು. ಆ ಉಪಕಾರ ನಾನು ಮರೆತಿಲ್ಲ. ಅಮ್ಮನ ಕಣ್ಣು ಆಗಲೇ ಒಣಗಿತ್ತು. ಸಂಜೆ ಅಣ್ಣ ಬಂದೊಡನೆ "ಹಾಲ್‌ಗೆ ಗುಲಾಬಿ ಬಣ್ಣ ಹೊಡೆಸಬೇಕು" ಎಂದಳು.

"ಗುಲಾಬಿನಾ? ಇದು ಮನೆಯೋ, ನಾಟಕದ ಸ್ಟೇಜೋ?" ಎಂದರು ಅಣ್ಣ. "ಹೊಡೆಸೋದಾದ್ರೆ ಹಸಿರು ಹೊಡೆಸೋಣ. ನಮ್ಮ ಸಾಹೇಬರ ಕ್ಯಾಬಿನ್‌ಗೆ ಪಿಸ್ತಾ ಹಸಿರು ಹೊಡೆದಿದ್ದಾರೆ. ಹತ್ತು ಜನಕ್ಕೆ ಮೆಮೋ ಕೊಡೋ ಮನುಷ್ಯ, ಅಲ್ಲಿ ಕೂತಾಗ ಎಷ್ಟು ಸೌಮ್ಯವಾಗಿ ಕಾಣ್ತಾನೆ ಗೊತ್ತಾ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಉಂಡು ಮಲಗಿ ಎದ್ದ ಮೇಲೂ ಹದಿನೈದು ದಿನ ನಡೆಯಿತು. ದೀಪಾವಳಿಗೆ ಆಗಬೇಕಾಗಿದ್ದ ಗೋಡೆ ದೀಪಾವಳಿ ಕಳೆದರೂ ಆಗಲಿಲ್ಲ. ಕೊನೆಗೆ ಬಣ್ಣ ಬಳಿಯುವ ತುಕಾರಾಮ ಬೇಸತ್ತು, ನೀಲಿ ಗೋಡೆಯ ಮೇಲೆ ಅಕ್ಕಪಕ್ಕ ಎರಡು ಚೌಕ ಹೊಡೆದ, ಒಂದು ಹಸಿರು, ಒಂದು ಗುಲಾಬಿ. ನೋಡಿ ಹೇಳಿ ಎಂದು ಹೋದ.

ನೋಡುವುದೆಂದರೆ ಬರೀ ಗೋಡೆಯನ್ನಲ್ಲ. ನನ್ನನ್ನು ಮುಖ ತೊಳೆಸಿ ಹಸಿರು ಚೌಕದ ಮುಂದೆ ನಿಲ್ಲಿಸಿದರು. ಆಮೇಲೆ ಗುಲಾಬಿಯ ಮುಂದೆ. ಮತ್ತೆ ಹಸಿರು. ಅಣ್ಣ ಒಂದು ಕಣ್ಣು ಮುಚ್ಚಿ ನೋಡಿದರು. ಅಮ್ಮ ಹಿಂದೆ ಹಿಂದೆ ಸರಿದು ಅಡುಗೆಮನೆಯ ಹೊಸಲು ಎಡವಿದಳು. ನೆರೆಯವರು ಬಂದರು, ಮೇಲಿನ ಮಾಳಿಗೆಯವರು ಬಂದರು, ಹಾಲಿನವನೂ ಚೊಂಬಿಗೆ ಹಾಲು ಹಾಕಿ ಒಂದು ನಿಮಿಷ ನಿಂತು ಹಸಿರಿಗೆ ಓಟು ಹಾಕಿ ಹೋದ. ನಾನು ಮೂರನೇ ಕ್ಲಾಸಿನ ಹುಡುಗರನ್ನು ತಪ್ಪು ಮಾಡಿದ್ದಕ್ಕೆ ಗೋಡೆಗೆ ನಿಲ್ಲಿಸುತ್ತಿದ್ದೆ. ಮರುದಿನದಿಂದ ಆ ಶಿಕ್ಷೆ ನಿಲ್ಲಿಸಿಬಿಟ್ಟೆ. "ನಿನಗೆ ಯಾವುದು ಇಷ್ಟ?" ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಅಳು ಬರುತ್ತಿತ್ತು, ಆದರೆ ಅತ್ತರೆ ಮೂಗು ಕೆಂಪಾಗಿ ಪರೀಕ್ಷೆ ಕೆಡುತ್ತದೆಂದು ಅಮ್ಮ ಮೊದಲೇ ಎಚ್ಚರಿಸಿದ್ದಳು.

ಬೆಳಿಗ್ಗೆಯ ತೀರ್ಪು ಹಸಿರಿಗೆ ಬಂತು. ಕಿಟಕಿಯ ಬೆಳಕಿನಲ್ಲಿ ಹಸಿರು ಚೌಕದ ಮುಂದೆ ನಾನು ಎರಡು ಬಣ್ಣ ತಿಳಿಯಾದೆನಂತೆ. ಗುಲಾಬಿಯ ಮುಂದೆ ಬಿಸಿಲಲ್ಲಿ ಅಲೆದು ಬಂದವಳ ಹಾಗೆ ಕಂಡೆನಂತೆ. ಅಣ್ಣ ಗೆದ್ದು ಸ್ನಾನಕ್ಕೆ ಹೋದರು. ಸಂಜೆ ದೀಪ ಹಾಕಿದಾಗ ಲೋಕ ತಲೆಕೆಳಗಾಯಿತು. ಹಳದಿ ಬಲ್ಬಿನ ಬೆಳಕಿನಲ್ಲಿ ಹಸಿರಿನ ಮುಂದೆ ನಿಂತರೆ ಕಾಮಾಲೆಯಾದವಳಂತೆ, ಗುಲಾಬಿಯ ಮುಂದೆ ನಿಂತರೆ ಆಗ ತಾನೇ ಹೆಂಚಿನಿಂದ ತೆಗೆದ ಹೋಳಿಗೆಯಂತೆ. ಅಮ್ಮ ಅಣ್ಣನನ್ನು ಕೈಹಿಡಿದು ಕರೆತಂದು ನಿಲ್ಲಿಸಿದಳು ಅಷ್ಟೆ.

ಹಾಗಾದರೆ ಅವರು ಬರುವುದು ಹಗಲೋ ಸಂಜೆಯೋ? ಬರುವುದು ಭಾನುವಾರ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ನಾಲ್ಕೂವರೆಗೆ ಮುಂಚೆ ನೋಡಿದರೆ ಹಸಿರು, ಆರರ ಮೇಲಾದರೆ ಗುಲಾಬಿ. ಅಣ್ಣ ಗೋರೆಗಾಂವ್‌ಗೆ ಕಾಗದ ಬರೆದರು. ಉತ್ತರ ಬಂತು: "ಲೋಕಲ್ ರೈಲಿನ ಅನುಕೂಲ ನೋಡಿ ನಾಲ್ಕಕ್ಕೋ ಆರಕ್ಕೋ ಬರುತ್ತೇವೆ."

ಆಗ ಅಣ್ಣನಿಗೆ ಆ ವಿಚಾರ ಹೊಳೆಯಿತು. ಕಿಟಕಿಗೆ ಎದುರಿನ ಗೋಡೆಗೆ ಹಸಿರು, ಅದರೆದುರು ಕಿಟಕಿಯ ಕಡೆಯ ಗೋಡೆಗೆ ಗುಲಾಬಿ. ಹಗಲಾದರೆ ನನ್ನನ್ನು ಅಲ್ಲಿ ಕೂರಿಸುವುದು, ರಾತ್ರಿಯಾದರೆ ಇಲ್ಲಿ. ಸೀರೆಯೂ ಎರಡು: ಹಸಿರು ಗೋಡೆಗೆ ಅಮ್ಮನ ಕುಂಕುಮ ಬಣ್ಣದ ರೇಷ್ಮೆ, ಗುಲಾಬಿ ಗೋಡೆಗೆ ಹಸಿರು ಮೈಸೂರು ರೇಷ್ಮೆ. ಹಸಿರುಡಿಸಿ ಹಸಿರಿನ ಮುಂದೆ ಕೂರಿಸಿದರೆ ಮುಖವೊಂದು, ಕೈಯೆರಡು ಮಾತ್ರ ಕಾಣುತ್ತವೆಂದು ಪ್ರಯೋಗದಿಂದ ತಿಳಿದಿತ್ತು. "ದೋನ್ ರಂಗ್, ಏಕಾ ಖೋಲೀತ್? ಹೇ ಘರ್ ಆಹೆ ಕೀ ಸರ್ಕಸ್?" ಎಂದು ತುಕಾರಾಮ ಗೊಣಗಿದ. ಮನೆಯಲ್ಲ, ಸರ್ಕಸ್ಸೇ ಅನ್ನು, ಒಂದೇ ಕೋಣೆಗೆ ಎರಡೂ ಬಣ್ಣ ಶನಿವಾರ ಸಂಜೆಯೊಳಗೆ ಮುಗಿಸು ಎಂದರು ಅಣ್ಣ. ಆ ಕಾಲದ ಡಿಸ್ಟೆಂಪರ್ ಎಂದರೆ ಪುಡಿಗೆ ಬಿಸಿ ಅಂಟು ಕಲಸಿ ಬಳಿಯುವುದು. ತುಕಾರಾಮ ಒಂದು ಬಣ್ಣಕ್ಕೆಂದು ತಂದ ಅಂಟಿಗೆ ನೀರು ಸೇರಿಸಿ ಎರಡಕ್ಕೂ ಹೊಂದಿಸಿದ. ಇದು ನಮಗೆ ಗೊತ್ತಾದದ್ದು ಭಾನುವಾರ.

ಭಾನುವಾರ ಅವರು ಬಂದಾಗ ನಾಲ್ಕು ಗಂಟೆ ಹತ್ತು ನಿಮಿಷ. ಹುಡುಗ, ಅವನ ತಂದೆ, ತಾಯಿ. ಹಗಲಿನ ಏರ್ಪಾಡು. ಮೂವರನ್ನೂ ಗುಲಾಬಿ ಗೋಡೆಗೆ ಒತ್ತಿ ಹಾಕಿದ್ದ ಉದ್ದ ಬೆಂಚಿನ ಮೇಲೆ ಕೂರಿಸಿದರು. ಹಸಿರು ಗೋಡೆಯ ಮುಂದೆ ಕುರ್ಚಿಗಳ ಸಾಲು, ಅದರ ನಡುವಿನದು ನನಗೆ ಕಾದಿತ್ತು. ನಾನು ಕುಂಕುಮ ರೇಷ್ಮೆಯುಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿ ನಿಂತೆ. ಹೊರಗೆ ಇಬ್ಬರು ತಂದೆಯರೂ ಸಂಬಂಧ ಹುಡುಕುತ್ತಿದ್ದರು. ಮೈಸೂರು ಕಡೆಯ ಇಬ್ಬರು ಎದುರಾದರೆ ಇದು ಆಗಲೇಬೇಕು.

"ನಿಮ್ಮ ತಾಯಿಯ ತವರು ಯಾವೂರು ಅಂದ್ರಿ?"

"ನಂಜನಗೂಡು."

"ನಂಜನಗೂಡಲ್ಲಿ ಯಾರ ಪೈಕಿ?"

ನಂಜನಗೂಡಿನಿಂದ ಹೊರಟವರು ಮೇಲುಕೋಟೆ ಮುಟ್ಟಿ, ಯಾರದೋ ಷಡ್ಡಕನ ಸೋದರತ್ತೆಯಲ್ಲಿ ಸಂಧಿಸಿ, "ಹಾಗಾದ್ರೆ ನಾವು ಹತ್ತಿರದವರೇ ಆಯ್ತು" ಎನ್ನುವ ಹೊತ್ತಿಗೆ ಗಡಿಯಾರ ಒಂದು ಬಾರಿ ಹೊಡೆಯಿತು. ಹುಡುಗನ ತಂದೆ ಕೈಯೆತ್ತಿದರು. "ನಾಲ್ಕೂವರೆ. ರಾಹುಕಾಲ ಬಂತು. ಇನ್ನು ಆರು ಗಂಟೆವರೆಗೂ ಹುಡುಗೀನ ಕರೀಬೇಡಿ."

ನಾನು ತಟ್ಟೆಯೊಡನೆ ಹಿಂದಕ್ಕೆ ಬಂದೆ. ಕುಂಕುಮ ರೇಷ್ಮೆ ಬಿಚ್ಚಿ ಹಸಿರು ರೇಷ್ಮೆ ಉಟ್ಟೆ. ಹೊರಗೆ ಅವರಿಗೆ ಉಪ್ಪಿಟ್ಟು ಆಯಿತು, ಕಾಫಿ ಆಯಿತು, ಮತ್ತೊಮ್ಮೆ ಕಾಫಿ ಆಯಿತು. ಒಂದೂವರೆ ಗಂಟೆ ಮೂವರೂ ಗುಲಾಬಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕತ್ತಲಾಗುತ್ತಾ ಬಂದು ಅಣ್ಣ ದೀಪ ಹಾಕಿದರು. ಈಗ ಗುಲಾಬಿಯ ಸರದಿ. ಆದರೆ ಅಲ್ಲಿ ಅವರು ಕೂತಿದ್ದಾರೆ.

ಅಮ್ಮ ಹೊರಗೆ ಹೋಗಿ, "ಆ ಕಡೆ ಕುರ್ಚಿಗಳಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಅಲ್ಲಿ ಕೂತ್ಕೊಳ್ಳಿ" ಎಂದಳು. ಕಿಟಕಿ ಇದ್ದದ್ದು ಬೆಂಚಿನ ಕಡೆ. ಹುಡುಗನ ತಂದೆ ಸಂಭಾವಿತರು, ಕೂಡಲೇ ಎದ್ದರು. ಬೆಂಚಿನ ಆಚೆ ತುದಿಯ ಹುಡುಗ ಬಾಗಿಲ ಸಂದಿಗೆ ಸಿಗುತ್ತಿರಲಿಲ್ಲ, ಆದರೆ ಅವರ ತಂದೆ ಸಿಕ್ಕರು, ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅವರ ಕಪ್ಪು ಕೋಟಿನ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಗುಲಾಬಿಯಾಗಿತ್ತು. ಅಣ್ಣ ಅದನ್ನು ಕಂಡು, ಕಾಣದವರಂತೆ ಗಡಿಯಾರ ನೋಡಿದರು. ಆತ ನೆಟ್ಟಗೆ ಹೋಗಿ ಹಸಿರು ಗೋಡೆಗೆ ಒರಗಿದರು.

ಹುಡುಗನ ತಾಯಿಯೂ ಎದ್ದು ಹೋಗಿ ಪಕ್ಕದಲ್ಲಿ ಕೂತರು. ಕೂತವರು ಗಂಡನ ಮುಖ ನೋಡಿ ಬೆಚ್ಚಿದರು. ಈಗ ತಾನೇ ನೆಟ್ಟಗಿದ್ದ ಮನುಷ್ಯ ಹಸಿರಿನ ಮುಂದೆ ಬಲ್ಬಿನ ಕೆಳಗೆ ಮೂರು ತಿಂಗಳು ಹಾಸಿಗೆ ಹಿಡಿದವರಂತೆ ಕಾಣುತ್ತಿದ್ದರು. ಎದುರಿಗೆ ನೋಡಿದರೆ ಗುಲಾಬಿಯ ಮುಂದೆ ಮಗ ದೇವರ ಪಟದಂತೆ ಕೂತಿದ್ದನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದಿರಲಿ, ಆಕೆಗೆ ಒಂದು ಕ್ಷಣದಲ್ಲಿ ಅರ್ಥವಾದದ್ದು ನಮ್ಮ ಮನೆಯವರಿಗೆ ಹದಿನೈದು ದಿನ ಹಿಡಿದಿತ್ತು. ಏಳಲು ಹೊರಟ ಮಗನಿಗೆ "ನೀನು ಏಳಬೇಡ ಕಣೋ, ಅಲ್ಲೇ ಕೂತಿರು" ಎಂದರು.

"ಇಲ್ಲಿ ಜಾಗ ಇದೆಯಲ್ಲ," ಎಂದಳು ಅಮ್ಮ.

"ಇರಲಿ, ಅವನಿಗೆ ಅಲ್ಲೇ ಸರಿ."

"ಅಲ್ಲಿ ಸೆಖೆ."

"ಅವನಿಗೆ ಸೆಖೆ ಅಭ್ಯಾಸ."

ಇಬ್ಬರು ತಾಯಂದಿರೂ ನಗುನಗುತ್ತಲೇ ಒಬ್ಬರನ್ನೊಬ್ಬರು ನೋಡಿದರು. ಇಬ್ಬರಿಗೂ ಇನ್ನೊಬ್ಬರ ಲೆಕ್ಕ ತಿಳಿದುಹೋಯಿತು. ಯಾರೂ ಸೋಲುವಂತಿರಲಿಲ್ಲ. ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಕಮಲಕ್ಕ, "ಆರು ಹೊಡೀತು. ನೀನು ಹೋಗಿ ಆ ಬೆಂಚಿನ ಮೇಲೆಯೇ ಕೂತ್ಕೋ ಮಾರಾಯ್ತಿ. ಎಂತ ಆಗ್ತದೆ?" ಎಂದು ಬೆನ್ನಿಗೆ ಕೈಕೊಟ್ಟು ತಳ್ಳಿದರು.

ಹೀಗೆ ನಾನು ತಲೆ ತಗ್ಗಿಸಿಕೊಂಡು ಹೋಗಿ, ಹುಡುಗನ ಪಾದ ಮಾತ್ರ ನೋಡಿ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ನೋಡಲು ಬಂದವನು, ನೋಡಿಸಿಕೊಳ್ಳುವವಳು ಇಬ್ಬರೂ ಒಂದೇ ಗೋಡೆಗೆ, ಒಂದೇ ದಿಕ್ಕಿಗೆ ಮುಖ ಮಾಡಿ. ಎದುರಿಗೆ ಹಿರಿಯರ ಸಾಲು. ಅಕ್ಕಪಕ್ಕ ತಿರುಗಿದರೆ ಮರ್ಯಾದೆಯಲ್ಲ. ಅಡುಗೆ ಬರುತ್ತಾ ಎಂದರು, ಬರುತ್ತೆ ಎಂದೆ. ಎಷ್ಟು ಓದಿದ್ದೀಯ ಎಂದರು, ಹೇಳಿದೆ. ಆಮೇಲೆ ಹಿರಿಯರು ಮತ್ತೆ ಮೇಲುಕೋಟೆಗೆ ಹೋದರು.

ಪಕ್ಕದಿಂದ ಮೆಲ್ಲಗೆ ಒಂದು ಧ್ವನಿ ಬಂತು. "ಒರಗಬೇಡಿ. ಬಣ್ಣ ಹತ್ತುತ್ತೆ."

ನಾನು ನೆಲ ನೋಡುತ್ತಲೇ ಹೇಳಿದೆ: "ಗೊತ್ತು. ನಿಮ್ಮ ತಂದೆಯವರ ಕೋಟು ನೋಡಿದೆ."

"ನನ್ನ ಷರಟು?"

"ತಿರುಗಿ ನೋಡೋ ಹಾಗಿಲ್ಲವಲ್ಲ."

ಮೂಗಿನಲ್ಲಿ ನಕ್ಕದ್ದು ಕೇಳಿಸಿತು. ಆಮೇಲೆ, "ಎರಡು ಬಣ್ಣ ಯಾಕೆ?" ಎಂದರು.

ಸುಳ್ಳು ಹೇಳಬಹುದಿತ್ತು. ಆದರೆ ಮೂರು ಸಲ ಕೂತು ಕೂತು ನನಗೆ ಸಾಕಾಗಿತ್ತು. "ನಾನು ಬೆಳ್ಳಗೆ ಕಾಣಲಿ ಅಂತ. ಹಗಲಿಗೆ ಅದು, ದೀಪಕ್ಕೆ ಇದು," ಎಂದುಬಿಟ್ಟೆ.

ಈ ಸಲ ನಗು ಬರಲಿಲ್ಲ. "ಮತ್ತೆ ನಿಮಗೆ ಯಾವುದು ಇಷ್ಟ?"

ತಿಂಗಳಿಡೀ ಹಾಲಿನವನೂ ಅಭಿಪ್ರಾಯ ಕೊಟ್ಟಿದ್ದ ಗೋಡೆಯ ಬಗ್ಗೆ ನನ್ನನ್ನು ಕೇಳಿದವರು ಅವರೊಬ್ಬರೇ. "ಎರಡೂ ಇಲ್ಲ. ಹಳೇ ನೀಲೀನೇ," ಎಂದೆ.

ಏಳು ಗಂಟೆಯ ಹೊತ್ತಿಗೆ ಹುಡುಗನ ತಾಯಿ ಚೀಲ ಎತ್ತಿಕೊಂಡು ಎದ್ದರು. "ಬರೋಣ ಹಾಗಾದ್ರೆ. ಹೋಗಿ ಕಾಗದ ಬರೀತೀವಿ."

ಕಾಗದ. ಅಣ್ಣ "ಆಗಲಿ, ಆಗಲಿ" ಎಂದು ಕೈಮುಗಿದರು. ಆ ಮೂರು ಸಲವೂ ಹೀಗೆಯೇ ಕೈಮುಗಿದಿದ್ದರು. ಸಾಹೇಬರ ಕ್ಯಾಬಿನ್ನಿನಿಂದ ಬಣ್ಣ ಹೊತ್ತು ತಂದ ಆ ಮುಖ ನೋಡಲಾರದೆ ನಾನು ಎದ್ದು ನಿಂತೆ. ನನ್ನ ಮದುವೆ ಹಾಳಾಗಿ ಹೋಗಲಿ, ಅಣ್ಣನ ಕೈ ಕೆಳಗಿಳಿದರೆ ಸಾಕು ಎನ್ನಿಸಿತು.

ಅಷ್ಟರಲ್ಲಿ ಹುಡುಗನ ತಂದೆ ಹಸಿರು ಗೋಡೆ ಬಿಟ್ಟು ಎದ್ದರು. ಬೆನ್ನಿನಲ್ಲಿ ಗುಲಾಬಿಯ ಮೇಲೆ ಹಸಿರು ಕೂತು ಕೋಟು ಯಾವುದೋ ದೇಶದ ಬಾವುಟವಾಗಿತ್ತು. "ಕಾಗದ ಯಾಕೇ? ಮೂರು ಗಂಟೆ ಹೊತ್ತು ಕೂತಿದ್ದೀವಿ. ಇಲ್ಲೇ ಹೇಳಲಿ," ಎಂದು ಮಗನ ಕಡೆ ತಿರುಗಿದರು. "ಏನೋ, ನೋಡಿದೆಯಾ ಹುಡುಗೀನ?"

"ಇಲ್ಲ."

ಅಣ್ಣ ತಲೆಯೆತ್ತಿ ಬಲ್ಬು ನೋಡಿದರು.

"ಇಲ್ಲ ಅಂದ್ರೆ?"

"ಕನ್ನಡಕ ಅಮ್ಮನ ಚೀಲದಲ್ಲಿದೆ. ದಪ್ಪ ಗಾಜು, ಈ ಮನೆಯವರಿಗೆ ಕಾಣಬಾರದು ಅಂತ ಮೆಟ್ಟಿಲು ಹತ್ತೋವಾಗ್ಲೇ ತೆಗೆಸಿದರು. ಅದಿಲ್ದೆ ನನಗೆ ಗೋಡೆ ಯಾವುದು, ಮನುಷ್ಯರು ಯಾರು ಅಂತ ತಿಳಿಯೋದೇ ಕಷ್ಟ."

ಅವರ ತಾಯಿ ಚೀಲವನ್ನು ಎದೆಗವಚಿಕೊಂಡರು. ಕಮಲಕ್ಕ ಅಡುಗೆಮನೆಯಲ್ಲಿ ಕೆಮ್ಮಿದರು.

"ಹಾಗಾದ್ರೆ ಈಗ ಹಾಕ್ಕೊಂಡು ನೋಡು," ಎಂದರು ತಂದೆ.

"ಬೇಡ. ನೋಡೋದು ಆಮೇಲೆ ಆಗುತ್ತೆ. ಮಾತಾಡಿದ್ವಿ. ನನಗೆ ಒಪ್ಪಿಗೆ. ಅವರನ್ನ ಕೇಳಿ."

ಅಣ್ಣ ನನ್ನ ಕಡೆ ತಿರುಗಿದರು. ಮುಗಿದ ಕೈ ಇನ್ನೂ ಹಾಗೆಯೇ ಇತ್ತು. "ಏನಮ್ಮಾ ಪುಟ್ಟೀ?" ಎಂದರು. ನಾಲ್ಕನೆಯ ಸಲಕ್ಕೆ ಮೊದಲ ಬಾರಿ ನನ್ನನ್ನು ಕೇಳಿದ್ದು. ನಾನು ನೆಲ ನೋಡುತ್ತಾ, "ನಾನೂ ಅವರನ್ನ ನೋಡಿಲ್ಲ ಅಣ್ಣ. ಆದ್ರೂ ಒಪ್ಪಿಗೆ," ಎಂದು ಒಳಗೆ ಓಡಿದೆ. ಅಮ್ಮ ಹಿಂದೆಯೇ ಒಳಕೋಣೆಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ, ಮೂಗು ಬೇಕಾದಷ್ಟು ಕೆಂಪಾಯಿತು. ಮೂವರು ಕಣ್ಣು ತುಂಬ ನೋಡಿ ಬೇಡ ಎಂದು ಹೋಗಿದ್ದರು. ನೋಡದೆ ಬೇಕು ಎಂದವರು ಇವರೊಬ್ಬರೇ.

ಮದುವೆ ಮಾಘದಲ್ಲಿ. ನಮ್ಮಲ್ಲಿ ಮುಹೂರ್ತದ ತನಕ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರೆ. ಅದು ಸರಿದಾಗ ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಬೇಕು. ಎಲ್ಲರಿಗೂ ಅದೊಂದು ಶಾಸ್ತ್ರ, ನಮಗೆ ಮಾತ್ರ ನಿಜ. ಪಟ ಇಳಿಯಿತು. ಚಪ್ಪರದೊಳಗೆ ಗೋಡೆಯೇ ಇರಲಿಲ್ಲ, ಹಸಿರೂ ಇಲ್ಲ, ಗುಲಾಬಿಯೂ ಇಲ್ಲ, ಸುತ್ತಲೂ ಬಟಾಬಯಲು ಬೆಳಕು. ಸೀಸೆಯ ತಳದಷ್ಟು ದಪ್ಪ ಗಾಜಿನ ಹಿಂದಿನಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ನಾನೂ ನೋಡಿದೆ. ದೇವರಾಣೆಗೂ ಹೇಳುತ್ತೇನೆ, ಅವರು ನನಗಿಂತ ಕಪ್ಪಗಿದ್ದರು. ಬಹಳ ಲಕ್ಷಣವಾಗಿದ್ದರು. ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದು ನಾನು ನೋಡುತ್ತಲೇ ನಿಂತೆ. ಪುರೋಹಿತರು ಎರಡು ಸಲ ಕೆಮ್ಮಿ, ಕೊನೆಗೆ, "ಮುಹೂರ್ತ ಮೀರುತ್ತೆ, ಹಾಕಮ್ಮ ಬೇಗ. ನೋಡ್ಕೊಳ್ಳೋದನ್ನ ಮನೇಲಿ ಮುಗಿಸ್ಕೊಂಡು ಬರೋದಲ್ವೇ?" ಎಂದರು.